ಹೈನಲ್ಲಿ ಓಡುತ್ತದೆ, ಲೋನಲ್ಲಿ ಅಲುಗಾಡದು: ವೈಪರ್‌ನ ಕರೆಂಟ್ ದೋಷ ಎಲ್ಲಿದೆ?

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಊರು ತೀರ್ಥಹಳ್ಳಿ ಹತ್ತಿರ, ಕಾರು ನಿಲ್ಲಿಸುವುದು ಹಲಸಿನ ಮರದಡಿ. ಈ ಮಳೆಗಾಲ ಶುರುವಾದಾಗಿನಿಂದ ವೈಪರ್ ಕೈಕೊಟ್ಟಿದೆ. ಸ್ವಿಚ್ಚನ್ನು ಹೈಗೆ ಹಾಕಿದರೆ ಓಡುತ್ತದೆ. ಲೋಗೆ ಹಾಕಿದರೂ, ಬಿಟ್ಟುಬಿಟ್ಟು ಒರೆಸುವ ಇಂಟರ್ವಲ್‌ಗೆ ಹಾಕಿದರೂ ಅಲುಗಾಡುವುದಿಲ್ಲ. ಆಫ್ ಮಾಡಿದರೆ ಕೆಳಗೆ ಬಂದು ಮಲಗುವ ಬದಲು ಗಾಜಿನ ನಡುವೆ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಒಮ್ಮೊಮ್ಮೆ ಗುಂಡಿಗೆ ಇಳಿದಾಗ ತಾನಾಗಿಯೇ ಸರಿಹೋಗಿ ಅರ್ಧ ದಿನ ಚೆನ್ನಾಗಿರುತ್ತದೆ. ಫ್ಯೂಸ್ ಸುಟ್ಟಿಲ್ಲ. ಮೋಟಾರಿನ ಕಪ್ಲರ್ (ವೈರುಗಳನ್ನು ಮೋಟಾರಿಗೆ ಸೇರಿಸುವ ಪ್ಲಗ್) ಕಳಚಿ ಮೀಟರ್ ಹಿಡಿದೆ, 12 ವೋಲ್ಟ್ ಬರುತ್ತಿದೆ. ಒಂದು ಗ್ಯಾರೇಜಿನವರು ಮೋಟಾರ್ ಅಸೆಂಬ್ಲಿಯೇ ಬದಲಿಸಬೇಕು ಅನ್ನುತ್ತಾರೆ, ಇನ್ನೊಂದು ಕಡೆ ಸ್ಟೀರಿಂಗ್ ಹತ್ತಿರದ ಸ್ವಿಚ್ ಹೋಗಿದೆ ಅಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಇಬ್ಬರೂ ಅಳೆದು ನೋಡಿ ಹೇಳಿದಂತೆ ಕಾಣುವುದಿಲ್ಲ. ಅವರಿಗಿಂತ ಹೆಚ್ಚಿನ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಹೈನಲ್ಲಿ ವೈಪರ್ ಸಲೀಸಾಗಿ ಓಡುತ್ತದೆ ಅಂದಮೇಲೆ ಫ್ಯೂಸ್ ಸರಿ ಇದೆ, ಇಗ್ನಿಷನ್‌ನಿಂದ ಸ್ವಿಚ್ಚಿಗೆ ಬರುವ ಸಪ್ಲೈ ಸರಿ ಇದೆ, ಮೋಟಾರಿನ ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ), ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ), ಗೇರ್, ಗಾಜಿನ ಕೆಳಗಿನ ಲಿಂಕೇಜ್ (ಮೋಟಾರನ್ನು ವೈಪರ್ ಕೈಗಳಿಗೆ ಸೇರಿಸುವ ಸರಳುಗಳು) ಎಲ್ಲವೂ ಸರಿ ಇವೆ. ಇವುಗಳಲ್ಲಿ ಒಂದು ಹೋಗಿದ್ದರೂ ಹೈ ಓಡುತ್ತಿರಲಿಲ್ಲ. ಹಾಗಾಗಿ ಹುಡುಕಬೇಕಾದ ಜಾಗ ಬಹಳ ಚಿಕ್ಕದು. ಲೋ, ಇಂಟರ್ವಲ್, ಆಫ್ ಮಾಡಿದ ಮೇಲೆ ಕೆಳಗೆ ಬರುವುದು, ಈ ಮೂರೂ ಒಟ್ಟಿಗೆ ಸತ್ತಿವೆ. ಮೂರಕ್ಕೂ ಸಾಮಾನ್ಯವಾದದ್ದು ಯಾವುದು ಅನ್ನುವುದಷ್ಟೇ ಪ್ರಶ್ನೆ.

ಅದಕ್ಕೆ ಮೋಟಾರಿನ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು. ನಿಮ್ಮ ಕಾರಿನ ಕಾಲದ ವೈಪರ್ ಮೋಟಾರಿನಲ್ಲಿ ಸಾಮಾನ್ಯವಾಗಿ ಮೂರು ಕಾರ್ಬನ್ ಬ್ರಷ್ (ತಿರುಗುವ ಆರ್ಮೇಚರಿಗೆ ತಾಗಿ ಕರೆಂಟ್ ದಾಟಿಸುವ ತುಂಡು) ಇರುತ್ತವೆ. ಒಂದು ಅರ್ಥ್ ಕಡೆಯದು, ಎರಡೂ ಸ್ಪೀಡಿಗೆ ಬೇಕಾದದ್ದು. ಅದಕ್ಕೆ ನೇರ ಎದುರಿಗೆ ಲೋ ಬ್ರಷ್. ಮೂರನೆಯದನ್ನು ಎದುರಿಗೆ ಕೂರಿಸದೆ ಓರೆಯಾಗಿ ಕೂರಿಸಿರುತ್ತಾರೆ, ಅದು ಹೈ ಬ್ರಷ್. ಓರೆಯಾಗಿ ಕೂರಿಸಿದ್ದರಿಂದ ಕರೆಂಟಿನ ದಾರಿಯಲ್ಲಿ ಮೋಟಾರನ್ನು ತಡೆಹಿಡಿಯುವ ಎದುರು ವೋಲ್ಟೇಜ್ ಕಡಿಮೆಯಾಗುತ್ತದೆ, ಆರ್ಮೇಚರ್ ಹೆಚ್ಚು ವೇಗಕ್ಕೆ ಏರುತ್ತದೆ. ಎರಡು ಸ್ಪೀಡಿಗೆ ಎರಡು ಮೋಟಾರಿಲ್ಲ, ರೆಸಿಸ್ಟರ್ ಕೂಡ ಇಲ್ಲ. ಒಂದೇ ಆರ್ಮೇಚರ್, ಎರಡು ಬಾಗಿಲು.

ಇನ್ನು ಆಫ್ ಮಾಡಿದಾಗ ವೈಪರ್ ಕೆಳಗೆ ಬಂದು ನಿಲ್ಲುವ ಕೆಲಸ, ಮೆಕ್ಯಾನಿಕ್‌ಗಳು ಪಾರ್ಕಿಂಗ್ ಅನ್ನುತ್ತಾರೆ. ಗೇರಿನ ಡಬ್ಬಿಯೊಳಗೆ ಗೇರಿನ ಜೊತೆಗೇ ತಿರುಗುವ ಒಂದು ತಾಮ್ರದ ತಗಡು, ಅದರ ಮೇಲೆ ಉಜ್ಜುವ ಎರಡು ಮೂರು ಸ್ಪ್ರಿಂಗ್ ಪತ್ತಿಗಳು ಇರುತ್ತವೆ. ಇದೇ ಪಾರ್ಕ್ ಸ್ವಿಚ್. ಇಗ್ನಿಷನ್ ಆನ್ ಇರುವಷ್ಟು ಹೊತ್ತೂ ಇದಕ್ಕೆ ಪ್ರತ್ಯೇಕವಾಗಿ ಒಂದು ಪಾಸಿಟಿವ್ ವೈರ್ ಬರುತ್ತದೆ, ನಿಮ್ಮ ಸ್ವಿಚ್ ಆಫ್ ಇದ್ದರೂ ಸರಿ. ನೀವು ಆಫ್ ಮಾಡಿದ ಕ್ಷಣ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನೊಳಗೆ ಪಾರ್ಕ್ ವೈರೂ ಲೋ ವೈರೂ ಒಂದಕ್ಕೊಂದು ಸೇರುತ್ತವೆ. ವೈಪರ್ ಕೆಳಗೆ ಮುಟ್ಟುವವರೆಗೆ ಆ ತಾಮ್ರದ ತಗಡು ಪಾಸಿಟಿವ್ ಕೊಡುತ್ತಲೇ ಇರುತ್ತದೆ, ಮೋಟಾರ್ ಲೋ ಬ್ರಷ್ ಮೂಲಕ ಓಡುತ್ತಲೇ ಇರುತ್ತದೆ. ಕೆಳಗೆ ಮುಟ್ಟಿದಾಗ ತಗಡು ಪಾಸಿಟಿವ್ ಬಿಟ್ಟು ಅರ್ಥ್ ಹಿಡಿಯುತ್ತದೆ. ಆಗ ಲೋ ಬ್ರಷ್, ಅರ್ಥ್ ಬ್ರಷ್ ಎರಡೂ ಅರ್ಥ್ ಆಗಿ ಮೋಟಾರ್ ತನ್ನನ್ನು ತಾನೇ ಬ್ರೇಕ್ ಹಾಕಿಕೊಂಡು ಗಕ್ಕನೆ ನಿಲ್ಲುತ್ತದೆ. ಇಂಟರ್ವಲ್ ಕೂಡ ಇದೇ ದಾರಿಯದು: ಟೈಮರ್ ಲೋ ವೈರಿಗೆ ಒಂದು ಸಣ್ಣ ತಳ್ಳು ಕೊಡುತ್ತದೆ, ಉಳಿದ ಒಂದು ಸುತ್ತನ್ನು ಪಾರ್ಕ್ ಸ್ವಿಚ್ ಮುಗಿಸುತ್ತದೆ.

ಈಗ ನಿಮ್ಮ ಮೂರು ಲಕ್ಷಣಗಳನ್ನು ಜೋಡಿಸಿ ನೋಡಿ. ಲೋ, ಇಂಟರ್ವಲ್, ಪಾರ್ಕಿಂಗ್ ಮೂರೂ ಹಾದುಹೋಗುವುದು ಒಂದೇ ವೈರ್, ಒಂದೇ ಪಿನ್, ಒಂದೇ ಬ್ರಷ್. ಸ್ವಿಚ್ಚಿನೊಳಗೆ ಈ ಮೂರಕ್ಕೂ ಬೇರೆ ಬೇರೆ ಕಾಂಟ್ಯಾಕ್ಟ್ ಇರುತ್ತವೆ. ಅವು ಮೂರೂ ಒಂದೇ ದಿನ ಹೋಗುವುದು ಅಪರೂಪ. ಸ್ವಿಚ್ ಹೋಗಿದ್ದರೆ ಸಾಮಾನ್ಯವಾಗಿ ಲೋ ಮಾತ್ರ ಸತ್ತು ಇಂಟರ್ವಲ್ ಬದುಕಿರುತ್ತದೆ, ಅಥವಾ ಲೋ ಓಡಿ ಪಾರ್ಕಿಂಗ್ ಆಗುವುದಿಲ್ಲ. ಹಾಗಾಗಿ ನನ್ನ ಅನುಮಾನದ ಕ್ರಮ ಹೀಗೆ: ಮೊದಲು ಮೋಟಾರಿನ ಲೋ ಬ್ರಷ್, ಆಮೇಲೆ ಕಪ್ಲರಿನಲ್ಲಿ ಲೋ ವೈರಿನ ಪಿನ್, ಕೊನೆಗೆ ಸ್ವಿಚ್ಚಿನಿಂದ ಆ ವೈರ್ ಹೊರಡುವ ಜಾಗ. ಗುಂಡಿಗೆ ಇಳಿದಾಗ ಸರಿಹೋಗುತ್ತದೆ ಅಂದಿದ್ದೀರಲ್ಲ, ಅದು ಮೊದಲ ಎರಡಕ್ಕೂ ಹೊಂದುತ್ತದೆ. ಸವೆದ ಬ್ರಷ್ ತನ್ನ ಗೂಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಕುಲುಕಿದಾಗ ಮತ್ತೆ ಮುಂದೆ ಬಂದು ತಾಗುತ್ತದೆ. ಸಡಿಲ ಪಿನ್ ಕೂಡ ಕುಲುಕಿದಾಗ ಕೂಡಿಕೊಳ್ಳುತ್ತದೆ.

ಹಾಗಾದರೆ 12 ವೋಲ್ಟ್ ಕಂಡಿತಲ್ಲ ಅನ್ನುತ್ತೀರಿ. ಅದರ ಬಗ್ಗೆ ಎರಡು ತಕರಾರಿದೆ. ಒಂದು, ಯಾವ ಪಿನ್ನಿಗೆ ಮೀಟರ್ ಹಿಡಿದಿರಿ? ಆಗಲೇ ಹೇಳಿದ ಹಾಗೆ ಪಾರ್ಕ್ ಸ್ವಿಚ್ಚಿಗೆ ಸದಾ ಬರುವ ಪಾಸಿಟಿವ್ ವೈರ್ ಅದೇ ಕಪ್ಲರಿನಲ್ಲಿ ಇರುತ್ತದೆ. ಅದರಲ್ಲಿ ಇಗ್ನಿಷನ್ ಹಾಕಿದ ಕೂಡಲೇ 12 ವೋಲ್ಟ್ ಕಾಣಲೇಬೇಕು, ಅದಕ್ಕೂ ಲೋಗೂ ಸಂಬಂಧವಿಲ್ಲ. ಎರಡನೆಯದು ಇನ್ನೂ ಮುಖ್ಯ. ಕಪ್ಲರ್ ಕಳಚಿ ಅಳೆದರೆ ಆ ವೈರಿನಲ್ಲಿ ಹೆಚ್ಚೂಕಡಿಮೆ ಕರೆಂಟೇ ಹರಿಯುತ್ತಿರುವುದಿಲ್ಲ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಎಳೆಯುವುದು ಒಂದು ಆಂಪಿಯರ್‌ನ ಹತ್ತು ಲಕ್ಷದ ಒಂದು ಭಾಗದಷ್ಟು. ವೈರಿನ ಒಳಗಿನ ತಾಮ್ರದ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ, ಪಿನ್ನಿಗೆ ಕಿಲುಬು ಹಿಡಿದು ಒಂದು ಓಮ್ ಅಡ್ಡಿ ಬಂದಿದ್ದರೂ ಮೀಟರ್ 12 ಅಂತಲೇ ತೋರಿಸುತ್ತದೆ. ಅದೇ ಜಾಗದಲ್ಲಿ ಮೋಟಾರ್ 4 ಆಂಪಿಯರ್ ಎಳೆದರೆ ಆ ಒಂದು ಓಮ್ 4 ವೋಲ್ಟನ್ನು ನುಂಗಿಬಿಡುತ್ತದೆ. ಉಳಿದ 8 ವೋಲ್ಟಿನಲ್ಲಿ ಒದ್ದೆ ಗಾಜಿನ ಮೇಲೆ ವೈಪರ್ ತೆವಳುತ್ತದೆ ಅಥವಾ ಅಲ್ಲೇ ಕೂರುತ್ತದೆ. ಖಾಲಿ ವೈರನ್ನು ಅಳೆದು ಮೋಟಾರ್ ಬದಲಿಸಿದವರು, ಸ್ವಿಚ್ ಬದಲಿಸಿದವರು ಬಹಳ ಮಂದಿ. ದುಡ್ಡು ಹೋಗುವುದು ಇಲ್ಲೇ.

ಆದ್ದರಿಂದ ಮೀಟರಿಗಿಂತ ಮೊದಲು ಒಂದು ಬಲ್ಬ್ ಹುಡುಕಿ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ಉದ್ದ ವೈರ್ ಬೆಸುಗೆ ಹಾಕಿದರೆ ಸಾಕು, ಅದು ಎರಡು ಆಂಪಿಯರ್‌ನ ಹತ್ತಿರ ಎಳೆಯುತ್ತದೆ. ಇನ್ನೂ ಒಳ್ಳೆಯದು ಹೆಡ್‌ಲೈಟಿನ ಹಳೆಯ ಎಚ್4 ಬಲ್ಬ್. ಒಂದು ಫಿಲಮೆಂಟ್ ಸುಟ್ಟು ಬಿಸಾಡಿದ್ದರೂ ಇನ್ನೊಂದು ಉರಿದರೆ ಸಾಕು; 55 ವ್ಯಾಟ್ ಅಂದರೆ 4.5 ಆಂಪಿಯರ್, ಹೆಚ್ಚೂಕಡಿಮೆ ನಿಮ್ಮ ಮೋಟಾರಿನ ಹೊರೆಯೇ. ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಒಂದು ನಿಮಿಷಕ್ಕಿಂತ ಹೆಚ್ಚು ಉರಿಸಬೇಡಿ.

ಕೆಲಸ ಶುರು ಮಾಡುವ ಮುಂಚೆ ಎರಡು ಮಾತು. ವೈಪರ್ ಕೈ ಬಿಚ್ಚಿ ಕೌಲ್ ಕವರ್ (ಗಾಜಿನ ಬುಡದ ಪ್ಲಾಸ್ಟಿಕ್ ಮುಚ್ಚಳ) ತೆಗೆದ ಮೇಲೆ ಲಿಂಕೇಜಿನ ನಡುವೆ ಬೆರಳು ಇಡುವುದಾದರೆ ಇಗ್ನಿಷನ್ ಕೀ ನಿಮ್ಮ ಜೇಬಿನಲ್ಲಿರಲಿ. ಈ ಮೋಟಾರಿಗೆ ವರ್ಮ್ ಗೇರ್ ಇರುವುದರಿಂದ ಅದರ ಬಲ ನೋಡಲು ಕಾಣುವಷ್ಟಲ್ಲ, ಬೆರಳು ಜಜ್ಜಿಹೋಗುತ್ತದೆ. ನಿಮ್ಮ ದೋಷವೋ ಕುಲುಕಿದರೆ ಓಡುವಂಥದ್ದು, ಯಾವಾಗ ಓಡಲು ಶುರುವಾಗುತ್ತದೋ ಹೇಳಲಾಗದು. ಹಾಗೆಯೇ ಒಣ ಗಾಜಿನ ಮೇಲೆ ಪರೀಕ್ಷೆ ಮಾಡಬೇಡಿ, ಮೊದಲು ಒಂದು ಚೊಂಬು ನೀರು ಸುರಿಯಿರಿ.

ಮೊದಲ ಪರೀಕ್ಷೆಗೆ ಬಿಚ್ಚುವ ಕೆಲಸವೇ ಇಲ್ಲ. ಸ್ವಿಚ್ಚನ್ನು ಲೋಗೆ ಹಾಕಿಟ್ಟು ಬಾನೆಟ್ ತೆರೆದು, ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ದುಂಡನೆಯ ಭಾಗಕ್ಕೆ ಮೆಲ್ಲಗೆ ತಟ್ಟಿಸಿ. ಒಬ್ಬರು ಒಳಗೆ ಕೂತಿರಲಿ. ತಟ್ಟಿದ ಕೂಡಲೇ ಓಡಲು ಶುರುವಾದರೆ ಬ್ರಷ್‌ನ ಮೇಲಿನ ಅನುಮಾನ ಬಹುಮಟ್ಟಿಗೆ ಖಚಿತ. ಓಡದಿದ್ದರೆ ಈಗ ಕಪ್ಲರನ್ನು ಹಿಡಿದು ಅತ್ತಿತ್ತ ಅಲುಗಾಡಿಸಿ. ಅಲುಗಾಡಿಸಿದಾಗ ಓಡಿದರೆ ದೋಷ ಪಿನ್ನಿನದು. ಮೋಟಾರಿಗೆ ತಟ್ಟಿದರೆ ಕಪ್ಲರೂ ಅದುರುತ್ತದೆ, ಆದ್ದರಿಂದ ತಟ್ಟುವಾಗ ಕಪ್ಲರನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ.

ಎರಡನೆಯದು ಬಲ್ಬಿನ ಪರೀಕ್ಷೆ. ಕಪ್ಲರ್ ಕಳಚಿ, ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೇ ಕೊಡಿ, ಬಾಡಿಗೆ ಬೇಡ. ಇಗ್ನಿಷನ್ ಆನ್, ಸ್ವಿಚ್ ಲೋನಲ್ಲಿ. ಇನ್ನೊಂದು ತುದಿಯಿಂದ ವೈರಿಂಗ್ ಕಡೆಯ ಪಿನ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಒಂದು ಪಿನ್ ಸ್ವಿಚ್ ಎಲ್ಲಿದ್ದರೂ ಬಲ್ಬ್ ಉರಿಸುತ್ತದೆ, ಅದು ಪಾರ್ಕ್ ಸಪ್ಲೈ. ಸ್ವಿಚ್ ಹೈಗೆ ಹಾಕಿದಾಗ ಮಾತ್ರ ಉರಿಸುವುದು ಹೈ ವೈರ್. ಲೋಗೆ ಹಾಕಿದಾಗ ಮಾತ್ರ ಉರಿಸಬೇಕಾದದ್ದು ನಮಗೆ ಬೇಕಾದ ವೈರ್. ಜಪಾನ್ ಮಾದರಿಯ ಮೋಟಾರುಗಳ ವೈರಿಂಗ್ ನಕ್ಷೆಯಲ್ಲಿ ಲೋಗೆ +1, ಹೈಗೆ +2, ಪಾರ್ಕ್ ಸಪ್ಲೈಗೆ ಬಿ, ಪಾರ್ಕ್ ಸ್ವಿಚ್‌ನಿಂದ ಹಿಂದಕ್ಕೆ ಹೋಗುವ ವೈರಿಗೆ ಎಸ್, ಅರ್ಥ್‌ಗೆ ಇ ಅಂತ ಬರೆದಿರುತ್ತಾರೆ. ಜರ್ಮನ್ ಮಾದರಿಯಲ್ಲಿ 53ರಿಂದ ಶುರುವಾಗುವ ಸಂಖ್ಯೆಗಳು, ಅರ್ಥ್‌ಗೆ 31. ವೈರಿನ ಬಣ್ಣ ನಂಬಬೇಡಿ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ.

ಲೋ ವೈರಿನಲ್ಲಿ ಬಲ್ಬ್ ಹೈ ವೈರಿನಷ್ಟೇ ಪ್ರಕಾಶವಾಗಿ ಉರಿದರೆ ಸ್ವಿಚ್ಚಿನಿಂದ ಕಪ್ಲರಿನವರೆಗೆ ದಾರಿ ಸರಿ ಇದೆ, ದೋಷ ಮೋಟಾರಿನೊಳಗೆ. ಎರಡನ್ನೂ ಹೋಲಿಸಿ ನೋಡುವುದೇ ಇಲ್ಲಿನ ಗುಟ್ಟು, ಯಾಕೆಂದರೆ ಹೈ ಕೆಲಸ ಮಾಡುತ್ತಿದೆ ಅನ್ನುವುದು ಗೊತ್ತಿರುವ ಸಂಗತಿ, ನಿಮ್ಮ ಅಳತೆಗೋಲು ನಿಮ್ಮ ಕಾರಿನಲ್ಲೇ ಇದೆ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ದೋಷ ಸ್ವಿಚ್ ಕಡೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರ್ ಹಿಡಿಯಿರಿ: ಬ್ಯಾಟರಿಯಲ್ಲಿ 12.4 ಇದ್ದರೆ ಬಲ್ಬಿನ ಬಳಿ 11.8ರ ಆಸುಪಾಸು ಇರಬೇಕು. 10, 9 ಅಂತ ಇಳಿದಿದ್ದರೆ ನಡುವೆ ಎಲ್ಲೋ ಅಡ್ಡಿಯಿದೆ.

ಮೂರನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಎಲೆಕ್ಟ್ರಿಷಿಯನ್‌ಗಳಲ್ಲೂ ಕಡಿಮೆ ಜನ ಮಾಡುತ್ತಾರೆ. ಕಪ್ಲರ್ ಮತ್ತೆ ಹಾಕಿ, ಅದರ ಹಿಂಬದಿಯಿಂದ ವೈರಿನ ಪಕ್ಕ ತೆಳ್ಳನೆಯ ಪಿನ್ನೊಂದನ್ನು ತೂರಿಸಿ ಲೋ ಪಿನ್ನಿಗೆ ಮೀಟರ್ ಮುಟ್ಟಿಸಿ. ಈಗ ಸ್ವಿಚ್ಚನ್ನು ಹೈಗೆ ಹಾಕಿ. ಮೋಟಾರ್ ಹೈನಲ್ಲಿ ಓಡುತ್ತಿರುವಾಗ ಲೋ ವೈರಿಗೆ ಸ್ವಿಚ್ ಏನೂ ಕೊಡುತ್ತಿರುವುದಿಲ್ಲ. ಆದರೂ ಲೋ ಬ್ರಷ್ ಆರ್ಮೇಚರಿಗೆ ತಾಗಿದ್ದರೆ, ತಿರುಗುತ್ತಿರುವ ಆರ್ಮೇಚರೇ ಡೈನಮೊದಂತೆ ಅಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಬ್ಯಾಟರಿಗಿಂತ ಹೆಚ್ಚಿಗೆ ಕಂಡರೂ ಗಾಬರಿಯಾಗಬೇಡಿ, ಅದು ಓರೆ ಬ್ರಷ್‌ನ ಮಹಿಮೆ. ಮೀಟರ್ ಸೊನ್ನೆಯ ಹತ್ತಿರ ಕೂತಿದ್ದರೆ ಬ್ರಷ್ ತಾಗುತ್ತಿಲ್ಲ, ಅಥವಾ ಅದರ ಬೆಸುಗೆ ಬಿಟ್ಟಿದೆ. ಮೋಟಾರ್ ಬಿಚ್ಚದೆಯೇ ಬ್ರಷ್‌ನ ಸ್ಥಿತಿ ಗೊತ್ತಾಯಿತು. ಪಿನ್ ತೂರಿಸುವಾಗ ವೈರಿನ ಇನ್ಸುಲೇಷನ್ ಮಾತ್ರ ಚುಚ್ಚಬೇಡಿ. ಮಲೆನಾಡಿನ ಮಳೆಯಲ್ಲಿ ಆ ಒಂದು ತೂತಿನಿಂದ ನೀರು ಇಳಿದು ಮುಂದಿನ ವರ್ಷ ತಾಮ್ರವೇ ಪುಡಿಯಾಗಿರುತ್ತದೆ.

ಪಿನ್ ನೋಡುವಾಗ ಏನು ನೋಡಬೇಕು? ಕಪ್ಲರನ್ನು ಬೆಳಕಿಗೆ ಹಿಡಿದು ವೈರಿಂಗ್ ಕಡೆಯ ಹೆಣ್ಣು ಪಿನ್‌ಗಳ ಬಾಯಿಯನ್ನು ಒಂದೊಂದಾಗಿ ಗಮನಿಸಿ. ಚೆನ್ನಾಗಿರುವುದರಲ್ಲಿ ಒಳಗಿನ ನಾಲಿಗೆ ಮೇಲೆದ್ದು ಹೊಳೆಯುತ್ತಿರುತ್ತದೆ. ಕೆಟ್ಟದ್ದರಲ್ಲಿ ನಾಲಿಗೆ ಚಪ್ಪಟೆಯಾಗಿರುತ್ತದೆ, ಬಾಯಂಚಿನಲ್ಲಿ ಹಸಿರು ಕಿಲುಬು ಪುಡಿ, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಾದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಂದು ಕಂಡರೆ ಅಲ್ಲಿ ಬಹಳ ದಿನದಿಂದ ಬಿಸಿಯಾಗುತ್ತಿದೆ ಅಂತಲೇ ಅರ್ಥ. ಅಂಥ ಪಿನ್ನನ್ನು ಉಜ್ಜಿ ಮತ್ತೆ ಹಾಕಿದರೆ ಒಂದು ತಿಂಗಳು ಬರಬಹುದು. ಹೊಸ ಪಿನ್ ಹಾಕಿ ಸರಿಯಾದ ಇಕ್ಕಳದಿಂದ ಕಚ್ಚಿಸುವುದೇ ದಾರಿ. ವೈರನ್ನು ಕತ್ತರಿಸಿ ನೇರವಾಗಿ ತಿರುಚಿ ಟೇಪ್ ಸುತ್ತುವವರಿಗೆ ಕಾರು ಕೊಡಬೇಡಿ.

ದೋಷ ಬ್ರಷ್‌ನದೇ ಅಂತ ತೀರ್ಮಾನವಾದರೆ ಇಡೀ ಅಸೆಂಬ್ಲಿ ಬದಲಿಸಬೇಕೇ? ಲಿಂಕೇಜ್ ಸಮೇತ ಬದಲಿಸುವುದು ಗ್ಯಾರೇಜಿಗೆ ಸುಲಭ, ನಿಮಗೆ ಖರ್ಚು. ಮೋಟಾರ್ ಮಾತ್ರ ಬೇರೆಯಾಗಿ ಸಿಗುತ್ತದೆಯೇ ಕೇಳಿ. ಇನ್ನೊಂದು ದಾರಿ, ಮೋಟಾರ್ ವೈಂಡಿಂಗ್ ಅಂಗಡಿಯವರಿಗೆ ಕೊಟ್ಟು ಬ್ರಷ್ ಹಾಕಿಸುವುದು. ಬಿಚ್ಚಿದಾಗ ಒಳಗೆಲ್ಲ ಕಪ್ಪು ಕಾರ್ಬನ್ ಪುಡಿ ಗ್ರೀಸಿನ ಜೊತೆ ಬೆರೆತು ಅಂಟಾಗಿರುತ್ತದೆ. ಆ ಅಂಟೇ ಎಷ್ಟೋ ಸಲ ಬ್ರಷ್ ಗೂಡಿನಲ್ಲಿ ಸಿಕ್ಕಿಕೊಳ್ಳಲು ಕಾರಣ, ಬ್ರಷ್ ಇನ್ನೂ ಅರ್ಧ ಉಳಿದಿರುತ್ತದೆ. ಹಾಗಿದ್ದರೆ ಒರೆಸಿ, ಕಾಮ್ಯುಟೇಟರನ್ನು (ಆರ್ಮೇಚರಿನಲ್ಲಿ ಬ್ರಷ್ ತಾಗುವ ತಾಮ್ರದ ಭಾಗ) ಸಣ್ಣ ಎಮರಿ ಪೇಪರಿನಲ್ಲಿ ಹದವಾಗಿ ಉಜ್ಜಿ, ಬ್ರಷ್ ಸಲೀಸಾಗಿ ಜಾರುವಂತೆ ಮಾಡಿದರೆ ಸಾಕು. ಬಿಚ್ಚುವ ಮುಂಚೆ ಮ್ಯಾಗ್ನೆಟ್ ಇರುವ ಡಬ್ಬಿಗೂ ಗೇರ್ ಡಬ್ಬಿಗೂ ಸೇರಿ ಒಂದು ಗೆರೆ ಎಳೆದುಕೊಳ್ಳಲು ಹೇಳಿ. ಡಬ್ಬಿಯನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಮೋಟಾರ್ ಉಲ್ಟಾ ಓಡುತ್ತದೆ. ಅದು ಗೊತ್ತಾಗುವುದು ಎಲ್ಲವನ್ನೂ ಕಾರಿಗೆ ಕೂರಿಸಿದ ಮೇಲೆ! ಬ್ರಷ್ ಪೂರ್ತಿ ಸವೆದು ಕಾಮ್ಯುಟೇಟರಿನಲ್ಲಿ ಕಾಲುವೆ ಬಿದ್ದಿದ್ದರೆ ಮಾತ್ರ ಹೊಸ ಮೋಟಾರ್ ತೆಗೆದುಕೊಳ್ಳಿ. ಗುಜರಿ ಮೋಟಾರ್ ನನಗೆ ಅಷ್ಟು ಒಪ್ಪಿಗೆಯಿಲ್ಲ, ಅದರ ಬ್ರಷ್‌ಗೂ ನಿಮ್ಮದರಷ್ಟೇ ವಯಸ್ಸು.

ಬಲ್ಬ್ ಮಂಕಾಗಿ ಉರಿದು ಅನುಮಾನ ಸ್ವಿಚ್ಚಿಗೆ ಬಂದರೆ, ಅಲ್ಲೂ ಇದೇ ಬಲ್ಬಿನ ಪರೀಕ್ಷೆ: ಸ್ವಿಚ್ಚಿನ ಕಪ್ಲರಿನಲ್ಲಿ ಲೋ ವೈರ್ ಹೊರಡುವ ಜಾಗದಲ್ಲಿ ಪ್ರಕಾಶವಾಗಿ ಉರಿದು ಮೋಟಾರಿನ ಬಳಿ ಮಂಕಾದರೆ ವೈರಿನದೇ ದೋಷ, ಇಲಿ ಕಡಿದಿದೆಯೇ ನೋಡಿ. ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆಯುವುದರವರೆಗೆ ನಿಮ್ಮ ಕೆಲಸ. ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ಕಾಣುವ ಹಳದಿ ಕಪ್ಲರುಗಳಿಗೆ ಕೈ ಹಾಕಬೇಡಿ, ಬಲ್ಬನ್ನೋ ಮೀಟರನ್ನೋ ಅದರ ಹತ್ತಿರ ಒಯ್ಯಲೂಬೇಡಿ.

ಇನ್ನು ಮೂಲ ಕಾರಣ, ನಿಮ್ಮ ಹಲಸಿನ ಮರ. ಗಾಜಿನ ಬುಡದಲ್ಲಿ, ವೈಪರ್ ಕೈಗಳ ಕೆಳಗೆ ಇರುವ ಪ್ಲಾಸ್ಟಿಕ್ ಕೌಲ್‌ನೊಳಗೆ ಒಂದು ಉದ್ದನೆಯ ತೊಟ್ಟಿಯಿದೆ. ಗಾಜಿನಿಂದ ಇಳಿದ ನೀರು ಅದರೊಳಗೆ ಹೋಗಿ ಎರಡು ಬದಿಯ ತೂತುಗಳಿಂದ ಕೆಳಗೆ ಹರಿಯಬೇಕು. ಉದುರಿದ ಎಲೆ ಕೊಳೆತು ಆ ತೂತು ಮುಚ್ಚಿಕೊಂಡರೆ ಜೂನ್ ಜುಲೈನ ಮಳೆಗೆ ತೊಟ್ಟಿ ತುಂಬಿ ನೀರು ಮೋಟಾರಿನ ಕಪ್ಲರಿನವರೆಗೆ ಏರುತ್ತದೆ. ಹೆಚ್ಚಿನ ಕಾರುಗಳಲ್ಲಿ ವೈಪರ್ ಮೋಟಾರ್ ಇರುವುದು ಇದೇ ತೊಟ್ಟಿಯಲ್ಲಿ ಅಥವಾ ಇದರ ಪಕ್ಕದಲ್ಲಿ. ಬೇಸಿಗೆಯಲ್ಲಿ ಚೆನ್ನಾಗಿದ್ದ ವೈಪರ್ ಮೊದಲ ಮಳೆಗೆ ಸಾಯುವುದಕ್ಕೆ ಅದೃಷ್ಟ ಕಾರಣವಲ್ಲ. ಎಂಟು ತಿಂಗಳು ಓಡದೆ ಬ್ರಷ್ ಹಿಡಿದಿರುತ್ತದೆ, ಪಿನ್ ಒಣಗಿ ಕಿಲುಬು ಹಿಡಿದಿರುತ್ತದೆ, ಮೇಲಿಂದ ನೀರು. ಮೋಟಾರಿಗೆ ಏನು ಮಾಡಿಸಿದರೂ ಆ ತೊಟ್ಟಿಯ ಕಸ ಬಾಚಿ, ನೀರು ಸುರಿದು ಎರಡೂ ಬದಿಯಲ್ಲಿ ಹರಿಯುತ್ತದೆಯೇ ಅಂತ ಕಣ್ಣಾರೆ ನೋಡದೆ ಮುಚ್ಚಬೇಡಿ.

ಈ ಪುಟ ಓದುವ ಇತರರ ವೈಪರ್ ಬೇರೆ ರೀತಿಯಲ್ಲಿ ಕೆಟ್ಟಿರಬಹುದು. ಅವರಿಗೂ ಇದೇ ತರ್ಕ ನಡೆಯುತ್ತದೆ: ಯಾವುದು ಬದುಕಿದೆ ಅನ್ನುವುದರಿಂದ ಯಾವುದು ಸತ್ತಿಲ್ಲ ಅನ್ನುವುದನ್ನು ತೆಗೆದುಹಾಕುತ್ತ ಬನ್ನಿ. ಹೈ ಮಾತ್ರ ಇಲ್ಲದಿದ್ದರೆ ಹೈ ವೈರ್, ಹೈ ಬ್ರಷ್, ಸ್ವಿಚ್ಚಿನ ಹೈ ಕಾಂಟ್ಯಾಕ್ಟ್, ಇಷ್ಟೇ. ಲೋ, ಹೈ ಎರಡೂ ಚೆನ್ನಾಗಿ ಓಡಿ, ಆಫ್ ಮಾಡಿದಾಗ ಮಾತ್ರ ನಡುವೆ ನಿಂತರೆ ಪಾರ್ಕ್ ಸಪ್ಲೈ ವೈರ್ ಅಥವಾ ಗೇರ್ ಡಬ್ಬಿಯೊಳಗಿನ ತಾಮ್ರದ ತಗಡು. ಅಲ್ಲಿ ಗ್ರೀಸ್ ಒಣಗಿ ಮೇಣದಂತಾಗಿರುತ್ತದೆ, ಒರೆಸಿ ಪತ್ತಿಗಳನ್ನು ಸ್ವಲ್ಪ ಬಗ್ಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಫ್ ಮಾಡಿದರೂ ನಿಲ್ಲದೆ ಓಡುತ್ತಲೇ ಇದ್ದರೆ ಪಾರ್ಕ್ ತಗಡು ಅರ್ಥ್ ಹಿಡಿಯುತ್ತಿಲ್ಲ, ಅಥವಾ ಇಂಟರ್ವಲ್ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ರಿಲೇ ಬೇರೆಯಾಗಿ ಇರುವ ಕಾರಾದರೆ ಅದನ್ನು ಕಿತ್ತು ನೋಡಿ, ನಿಂತರೆ ಉತ್ತರ ಸಿಕ್ಕಿತು.

ಇಂಟರ್ವಲ್ ಮಾತ್ರ ಹೋಗಿದ್ದರೆ ಟೈಮರ್‌ನದು. ಮಳೆಹನಿಗೆ ಬಿಟ್ಟುಬಿಟ್ಟು ಒರೆಸುವ ಈ ಉಪಾಯವನ್ನು ಟ್ರಾನ್ಸಿಸ್ಟರ್, ಕೆಪಾಸಿಟರ್ ಕೂಡಿಸಿ ಮಾಡಿ 1964ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಅಮೆರಿಕದ ರಾಬರ್ಟ್ ಕರ್ನ್ಸ್. ಆಮೇಲೆ ಅದಕ್ಕಾಗಿ ಫೋರ್ಡ್, ಕ್ರೈಸ್ಲರ್ ಜೊತೆ ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಿ ಗೆದ್ದ ಮನುಷ್ಯ. ಕೆಪಾಸಿಟರ್ ತುಂಬಿ ಖಾಲಿಯಾಗುವ ಹೊತ್ತೇ ಎರಡು ಒರೆತಗಳ ನಡುವಿನ ಬಿಡುವು. ಹಳೆಯ ರಿಲೇಗಳಲ್ಲಿ ಆ ಕೆಪಾಸಿಟರ್ ಮುದಿಯಾದಂತೆ ಬಿಡುವು ಏರುಪೇರಾಗುತ್ತದೆ.

ಯಾವ ಸ್ಪೀಡೂ ಇಲ್ಲ, ಮೋಟಾರಿನ ಸದ್ದೂ ಇಲ್ಲ ಅಂದರೆ ಫ್ಯೂಸ್, ಸಪ್ಲೈ, ಅರ್ಥ್. ಸದ್ದು ಬಂದು ವೈಪರ್ ಅಲುಗದಿದ್ದರೆ ಕರೆಂಟಿನ ದೋಷವೇ ಅಲ್ಲ, ಕೈಯ ಬುಡದ ನಟ್ ಸಡಿಲವಾಗಿದೆ ಅಥವಾ ಲಿಂಕೇಜ್ ಬುಷ್ ಕಳಚಿದೆ. ಎಲ್ಲ ಸ್ಪೀಡಿನಲ್ಲೂ ತೆವಳುತ್ತಿದ್ದರೆ ಮೋಟಾರ್ ಓಡುತ್ತಿರುವಾಗಲೇ ಅದರ ಬಾಡಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿಯಿರಿ, 0.2 ವೋಲ್ಟಿಗಿಂತ ಗಮನಾರ್ಹವಾಗಿ ಹೆಚ್ಚಿದ್ದರೆ ಅರ್ಥ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ. ಅರ್ಥ್ ಸರಿ ಇದ್ದರೆ ಲಿಂಕೇಜಿನ ಕೊಂಡಿಯನ್ನು ಮೋಟಾರಿನಿಂದ ಕಳಚಿ ಕೈಯಿಂದ ಆಡಿಸಿ ನೋಡಿ. ಬಿಗಿಯಾಗಿದ್ದರೆ ಗಾಜಿನ ಬುಡದ ಸ್ಪಿಂಡಲ್ ತುಕ್ಕು ಹಿಡಿದಿದೆ. ಮಳೆಯಲ್ಲಿ ಹತ್ತು ನಿಮಿಷ ಓಡಿ ಫ್ಯೂಸ್ ಹೋಗುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಆಗ 20ರ ಹಳದಿ ಫ್ಯೂಸ್ ತೆಗೆದು 30ರ ಹಸಿರು ಹಾಕುವ ಬುದ್ಧಿವಂತಿಕೆ ಬೇಡವೇ ಬೇಡ, ಫ್ಯೂಸಿನ ಬದಲು ವೈರಿಂಗ್ ಸುಡುತ್ತದೆ. ಹಿಂದಿನ ಗಾಜಿನ ವೈಪರ್ ಸತ್ತಿದ್ದರೆ ಮೋಟಾರಿಗಿಂತ ಮೊದಲು ಡಿಕ್ಕಿಯ ಬಾಗಿಲಿನ ಹಿಂಜಿನ ಬಳಿಯ ರಬ್ಬರ್ ಕೊಳವೆ ಸರಿಸಿ ನೋಡಿ. ತೆರೆದು ಮುಚ್ಚಿ ವೈರ್ ಅಲ್ಲೇ ಕಡಿಯುವುದು.

ಮಳೆ ಸೆನ್ಸರ್ ಇರುವ, ಎಲ್ಲವೂ ಕಂಪ್ಯೂಟರ್ ಮೂಲಕ ನಡೆಯುವ ಹೊಸ ಕಾರಿನವರು ಮೇಲಿನ ಬಲ್ಬಿನ ಪ್ರಯೋಗ ಮಾಡಬಾರದು. ಅಲ್ಲಿ ಸ್ವಿಚ್ ಕಳಿಸುವುದು ಬರೀ ಸಂದೇಶ, ಬಲ್ಬಿನ ಹೊರೆಗೆ ಮಾಡ್ಯೂಲ್ ಸುಟ್ಟುಹೋಗಬಹುದು. ಸ್ಕ್ಯಾನರ್ ಹಾಕಿಸಿ, ಸ್ವಿಚ್ಚಿನ ಪ್ರತಿ ಸ್ಥಾನವೂ ಪರದೆಯಲ್ಲಿ ಬದಲಾಗುತ್ತದೆಯೇ ನೋಡಿಸಿ.

ರಿಪೇರಿ ಆಗುವವರೆಗೆ ಹೈನಲ್ಲೇ ಓಡಿಸಿ, ಅದರಿಂದ ಹೆಚ್ಚಿನ ಹಾನಿಯಿಲ್ಲ. ವೈಪರ್ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ಸ್ವಿಚ್ ಆಫ್ ಮಾಡಿದರೆ ಗಾಜಿನ ನಡುವೆ ನಿಲ್ಲುವುದು ತಪ್ಪುತ್ತದೆ, ಎರಡು ದಿನದಲ್ಲಿ ಕೈ ಪಳಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಮಾತ್ರ ಈ ಸರ್ಕಸ್ ಬೇಡ, ಇಳಿದು ಮುಗಿಯುವವರೆಗೆ ಓಡುತ್ತಲೇ ಇರಲಿ. ವೈಪರ್ ನಿಲ್ಲಿಸಲೆಂದು ಓಡುವ ಕಾರಿನಲ್ಲಿ ಇಗ್ನಿಷನ್ ಕೀ ತಿರುಗಿಸುವ ಕೆಲಸವಂತೂ ಕೂಡದು.

ಮೋಟಾರ್ ಹೊಸದಾಗಲಿ, ರಿಪೇರಿಯದಾಗಲಿ, ಕೂರಿಸುವಾಗ ಒಂದು ಕ್ರಮವಿದೆ. ವೈಪರ್ ಕೈ ಹಾಕುವ ಮುಂಚೆ ಕಪ್ಲರ್ ಕೊಟ್ಟು, ಲೋನಲ್ಲಿ ಎರಡು ಸುತ್ತು ಓಡಿಸಿ, ಆಫ್ ಮಾಡಿ, ಮೋಟಾರ್ ತಾನಾಗಿ ಪಾರ್ಕ್ ಆಗಿ ನಿಲ್ಲಲಿ. ಆಮೇಲೆ ಕ್ರ್ಯಾಂಕನ್ನು (ಮೋಟಾರಿನ ಶಾಫ್ಟಿಗೆ ಕೂರಿಸಿ ಲಿಂಕೇಜನ್ನು ಆಡಿಸುವ ಚಿಕ್ಕ ಕೈ) ಬಿಚ್ಚುವಾಗ ಮಾಡಿಕೊಂಡ ಗುರುತಿಗೆ ಸರಿಯಾಗಿ ಬಿಗಿದು, ಕೊನೆಗೆ ಕೈಗಳನ್ನು ಗಾಜಿನ ಬುಡದ ಗೆರೆಗೆ ಕೂರಿಸಬೇಕು. ಈ ಕ್ರಮ ಬಿಟ್ಟು ಮೊದಲೇ ಕೈ ಹಾಕಿದರೆ ಮೊದಲ ಒರೆತಕ್ಕೇ ಬ್ಲೇಡ್ ಬಾನೆಟ್ಟಿಗೋ ಪಕ್ಕದ ಕಂಬಕ್ಕೋ ಬಡಿಯುತ್ತದೆ. ಕೈ ತೆಗೆದಿರುವಾಗ ಗಾಜಿನ ಮೇಲೆ ದಪ್ಪನೆಯ ಟವೆಲ್ ಹಾಸಿರಿ, ಸ್ಪ್ರಿಂಗ್ ಇರುವ ಕೈ ಜಾರಿ ಬಿದ್ದರೆ ಗಾಜು ಸೀಳುತ್ತದೆ.